ಎರಡು ಪ್ಲೇಯರ್, ಒಬ್ಬರೇ ಅತ್ತೆ

ಕಿಸೆಯಲ್ಲಿರುವ ಫೋನೇ ಪ್ರಪಂಚದ ಹಾಡುಗಳನ್ನೆಲ್ಲ ಹಾಡುವಾಗ, ಹಾಡುವುದೊಂದನ್ನು ಬಿಟ್ಟು ಬೇರೇನೂ ಬಾರದ ಇನ್ನೊಂದು ಡಬ್ಬಿಯನ್ನು ಕೊಳ್ಳಬೇಕಾದರೆ ಮನುಷ್ಯನಿಗೆ ಒಂದೋ ಸಂಗೀತದ ಹುಚ್ಚಿರಬೇಕು, ಇಲ್ಲವೇ ಒಬ್ಬ ಷಡ್ಡಕನಿರಬೇಕು. ನನಗಿರುವುದು ಎರಡನೆಯದು. ನನ್ನ ಹೆಂಡತಿ ಶುಭಾಳ ತಂಗಿಯ ಗಂಡ ರಾಘು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿದ್ದಾನೆ, ನಾನು ಲಾಸ್ ಏಂಜಲೀಸ್ ಕಡೆಯ ಸೆರಿಟೋಸಿನಲ್ಲಿ. ನಡುವೆ ಅಷ್ಟುದ್ದ ಫ್ರೀವೇ ಇರುವುದು ದೇವರ ಕರುಣೆ. ಅವನು ಮ್ಯೂಸಿಕ್ ಪ್ಲೇಯರ್ ಕೊಂಡ ಸುದ್ದಿ ಬಂದ ವಾರವೇ ನನಗೆ ಫೋನಿನ ಹಾಡು ತಗಡು ಬಡಿದ ಹಾಗೆ ಕೇಳಿಸತೊಡಗಿತು. ನಾನು ಅವನ ಪ್ಲೇಯರಿನ ಎದುರಾಳಿ ಕಂಪನಿಯದನ್ನು ತರಿಸಿದೆ.

"ಭಾವ, ವೀಣೆ ತಂತಿಗೆ ಉಗುರು ತಾಗೋದೂ ಕೇಳ್ಸತ್ತೆ" ಎಂದು ಅವನು ಫೋನ್ ಮಾಡಿದ. ನಾನು ಬಿಟ್ಟೇನೆಯೇ? "ನಂದ್ರಲ್ಲಿ ಮುಂದಿನ ಸಾಲಿನವರು ಆಕಳಿಸಿದ್ದೂ ಕೇಳ್ಸತ್ತಪ್ಪ" ಎಂದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಸಿರಿ ಡಬ್ಬಿಯನ್ನು ತಿರುಗಿಸಿ ನೋಡಿ, "ಸೋ ಇಟ್ಸ್ ಅ ಫೋನ್ ದಟ್ ಕಾಂಟ್ ಕಾಲ್?" ಎಂದಳು. ಈ ಮಕ್ಕಳಿಗೆ ಕನ್ನಡ ಬಾಯಿಗೆ ಬರದಿದ್ದರೂ ಸತ್ಯ ಮಾತ್ರ ಥಟ್ಟನೆ ಬರುತ್ತದೆ.

ಕೊನೆಗೆ ಅಕ್ಕತಂಗಿಯರಿಬ್ಬರೂ ಸೇರಿ ತೀರ್ಮಾನ ಮಾಡಿದರು. ಮಲ್ಲೇಶ್ವರದಲ್ಲಿ ಅರ್ಧ ಬೀದಿಗೆ ಸಂಗೀತ ಪಾಠ ಹೇಳಿದ ಅತ್ತೆಯವರು ಆ ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಶನಿವಾರ ಎಲ್ಲರೂ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗುವಾಗ ಅವರಿಗೆ ಎರಡನ್ನೂ ಕೇಳಿಸಬೇಕು, ಅಮ್ಮ ಬೇಡವೆಂದದ್ದು ಸೋಮವಾರ ಅಂಗಡಿಗೆ ವಾಪಸ್. ಈ ದೇಶದಲ್ಲಿ ಕೊಂಡದ್ದನ್ನೆಲ್ಲ ವಾಪಸ್ ಮಾಡಬಹುದು ಎನ್ನುವುದೇ ಹೆಂಡತಿಯರ ದೊಡ್ಡ ಬಲ. ನನ್ನ ಡಬ್ಬಿ ಹೋದರೆ ಹೋಗಲಿ, ರಾಘುವಿನ ಡಬ್ಬಿ ಉಳಿಯುವುದನ್ನು ಹೇಗೆ ಸಹಿಸುವುದು?

ಶನಿವಾರ ಬೆಳಿಗ್ಗೆ ರಾಘು ದಂಪತಿ ನಮ್ಮ ಮನೆಗೆ ಬಂದರು. ಶುಭಾ ಡ್ರೈವ್ ಮಾಡುತ್ತಿದ್ದಳು. ಹಿಂದೆ ಅತ್ತೆಯ ಎಡಕ್ಕೆ ನಾನು, ಬಲಕ್ಕೆ ರಾಘು. ಕಾರು ನಮ್ಮ ಬೀದಿ ದಾಟುವ ಮೊದಲೇ ನಾವಿಬ್ಬರೂ ಚಿಪ್, ಬ್ಯಾಟರಿ, ಬಿಟ್‌ರೇಟ್ ಎಂದು ಅವರ ಎರಡು ಕಿವಿಗೂ ಊದತೊಡಗಿದೆವು. ಅತ್ತೆ ಎಲ್ಲದಕ್ಕೂ ಸಮಾಧಾನವಾಗಿ ತಲೆಯಾಡಿಸಿದರು. ಆಮೇಲೆ ಒಂದೇ ಕೀರ್ತನೆಯನ್ನು ಮೊದಲು ಅವನದರಲ್ಲಿ, ನಂತರ ನನ್ನದರಲ್ಲಿ ಹಾಕಿ, ಅವರು ತಲೆಗೆ ಹೊದ್ದಿದ್ದ ಸೆರಗಿನ ಮೇಲೆಯೇ ಕಿವಿಗೆ ಹೆಡ್‌ಫೋನ್ ಏರಿಸಿದೆವು. ಅವರು ಕಣ್ಣುಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು.

"ದೊಡ್ಡ ಅಳಿಯಂದ್ರದ್ದೇ ಚೆನ್ನಾಗಿದೆ. ತಂಬೂರಿ ಎಷ್ಟು ಸ್ಪಷ್ಟ!" ಎಂದರು.

ರಾಘುವಿನ ಮುಖ ಇಂಗು ತಿಂದ ಮಂಗನಂತಾಯಿತು. ನಾನು ಗೆದ್ದವನಿಗೆ ಒಪ್ಪುವ ವಿನಯದಿಂದ, "ಬಿಡೋ, ನಿಂದೂ ಪರವಾಗಿಲ್ಲ" ಎಂದೆ. ಆ ಕ್ಷಣದ ಸುಖಕ್ಕೆ ಯಾವ ಸಂಗೀತವೂ ಸಾಟಿಯಲ್ಲ.

ದೇವಸ್ಥಾನದಲ್ಲಿ ಉಳಿದವರೆಲ್ಲ ಮುಂದೆ ಹೋದರು. ನಾನು ಅತ್ತೆಯನ್ನು ಕೈಹಿಡಿದು ಇಳಿಸಿದೆ. ಅವರು ನಿಂತು, ಸೆರಗು ಸರಿಸಿ, ಎರಡೂ ಕಿವಿಗಳಿಂದ ಹತ್ತಿಯ ಉಂಡೆಗಳನ್ನು ತೆಗೆದು ಪರ್ಸಿಗೆ ಹಾಕಿಕೊಂಡರು.

"ಅತ್ತೆ, ಇದನ್ನ ಯಾವಾಗ ಇಟ್ಕೊಂಡ್ರಿ?"

"ಮನೆ ಬಿಡೋವಾಗ್ಲೇ. ಕಾರಲ್ಲಿ ಎಸಿ ಗಾಳಿ. ಅದೂ ಅಲ್ದೆ, ಪಕ್ಕದಲ್ಲಿ ನೀವಿಬ್ರೂ ಕೂರ್ತೀರಿ ಅಂತ ಶುಭಾ ಹೇಳಿದ್ಲು."

"ಮತ್ತೆ ನಂದೇ ಚೆನ್ನಾಗಿದೆ ಅಂದ್ರಲ್ಲ?"

"ಈ ತಿಂಗಳು ನಿಮ್ಮನೇಲಿ ತಾನೇ ಇರೋದು? ಮುಂದಿನ ತಿಂಗಳು ಅಲ್ಲಿಗೆ ಹೋದ್ಮೇಲೆ ಅವರದ್ದು ಚೆನ್ನಾಗಿರತ್ತೆ. ನಡೀರಿ, ಮಂಗಳಾರತಿಗೆ ಹೊತ್ತಾಯ್ತು."

ಸೋಮವಾರ ರಾಘುವಿನ ಪ್ಲೇಯರ್ ವಾಪಸ್ ಹೋಯಿತು. ಹತ್ತಿಯ ವಿಷಯ ನಾನು ಯಾರಿಗೂ ಹೇಳಿಲ್ಲ, ಹೇಳಿದರೆ ನನ್ನದೂ ಅದರ ಹಿಂದೆಯೇ ಹೋಗುತ್ತದೆ. ದಿನಾ ಸಂಜೆ ಹೆಡ್‌ಫೋನ್ ಏರಿಸಿಕೊಂಡು ಕೂರುತ್ತೇನೆ. ಶುಭಾ ಎದುರು ಹಾದುಹೋದಾಗಲೆಲ್ಲ ಕಣ್ಣುಮುಚ್ಚಿ, ಅತ್ತೆಯ ಹಾಗೆಯೇ ತೊಡೆಯ ಮೇಲೆ ತಾಳ ಹಾಕುತ್ತೇನೆ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಫೋನಿಗೂ ಇದಕ್ಕೂ ಏನು ವ್ಯತ್ಯಾಸವೋ ನನಗೆ ಈವರೆಗೂ ಕೇಳಿಸಿಲ್ಲ, ಅದೂ ಕಿವಿಯಲ್ಲಿ ಹತ್ತಿ ಇಲ್ಲದೆ.