ಬರ್ತೀಯೋ, ಹೋಗ್ತೀಯೋ?

ನಮ್ಮ ಜನ ಸುಳ್ಳು ಹೇಳದೆ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಮುಖವನ್ನು ಬೀದಿಗೂ ಬೆನ್ನನ್ನು ಮನೆಗೂ ತಿರುಗಿಸಿಕೊಂಡು 'ಬರ್ತೀನಿ' ಎನ್ನುತ್ತಾರೆ. ನೋಡಿದರೆ ಹೋಗುತ್ತಿರುತ್ತಾರೆ. ಹೋಗುವವರು ಹೋಗುತ್ತೇನೆ ಎಂದರೆ ಅಪಶಕುನವಂತೆ. ನಾನು ನಿವೃತ್ತನಾಗುವವರೆಗೂ ಹೈಸ್ಕೂಲು ಮೈದಾನಗಳಲ್ಲಿ ಡ್ರಿಲ್ ಮಾಸ್ಟರಾಗಿ ನಿಂತವನು. ನನಗೆ ಎಡ ಎಂದರೆ ಎಡ, ಬಲ ಎಂದರೆ ಬಲ. 'ಹಿಂದಕ್ಕೆ ತಿರುಗು' ಎಂದಾಗ ಒಬ್ಬ ಹುಡುಗ ಮುಂದಕ್ಕೇ ನೋಡುತ್ತ ನಿಂತರೆ ಇಡೀ ಸಾಲಿನ ಮಾನ ಹೋಗುತ್ತದೆ. ಅಂಥವನ ಎದುರಿಗೆ ಹೋಗುವುದನ್ನೇ ಬರುವುದು ಎಂದು ಕರೆದರೆ ಹೇಗೆ ಸಹಿಸಲಿ?

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಟಿ. ನರಸೀಪುರದ ಹುಡುಗರು. ನನ್ನ ಮೊದಲ ಕೆಲಸ ಅಲ್ಲೇ. "ನೀರ್ ಕುಡ್ದು ಬತ್ತೀನಿ ಸಾ" ಎಂದು ಒಬ್ಬ ಹೋಗುವನು. ಅವನನ್ನು ಹುಡುಕಿಕೊಂಡು "ಬತ್ತೀನಿ ಸಾ" ಎಂದು ಇನ್ನೊಬ್ಬ. ಪೀರಿಯಡ್ ಮುಗಿಯುವ ಹೊತ್ತಿಗೆ ಮೈದಾನದಲ್ಲಿ ನಾನು ಮತ್ತು ನನ್ನ ಸೀಟಿ. ಹುಡುಗರೆಲ್ಲ ಸಂಗಮದ ನೀರಿನಲ್ಲಿ. ಅಂದಿನಿಂದ ಯಾರು ಅಪ್ಪಣೆ ಕೇಳಲು ಬಂದರೂ "ಬರ್ತೀಯೋ, ಹೋಗ್ತೀಯೋ? ಸರಿಯಾಗಿ ಹೇಳು" ಎನ್ನತೊಡಗಿದೆ. "ಓಯ್ತೀನಿ ಸಾ" ಎಂದು ಒಪ್ಪಿಕೊಂಡವನನ್ನು ಕಳಿಸಿಯೂ ಬಿಡುತ್ತಿದ್ದೆ. ನಿಜ ಹೇಳಿದ್ದಕ್ಕೆ ಬಹುಮಾನ ಬೇಡವೇ? ನನಗೆ 'ಬತ್ತೀಯೋ ಓಯ್ತೀಯೋ ಮೇಷ್ಟ್ರು' ಎಂಬ ಹೆಸರು ಬಿತ್ತು. ನಂಜನಗೂಡಿಗೆ ವರ್ಗವಾದಾಗ ನನಗಿಂತ ಮೊದಲೇ ಆ ಹೆಸರು ಬಸ್ಸಿಳಿದಿತ್ತು.

ಶಾಲೆಯ ಶಿಸ್ತನ್ನು ಶಾಲೆಯಲ್ಲೇ ಬಿಟ್ಟು ಬರುವವರಿದ್ದಾರೆ. ನಾನು ಮನೆಗೂ ತಂದೆ. ಮಗಳು ಶೈಲಜಾ ಮೊದಲ ದಿನ ಶಾಲೆಗೆ ಹೊರಟಾಗ ಹೊಸಿಲಿನಲ್ಲಿ ನೆಟ್ಟಗೆ ನಿಂತು "ಅಪ್ಪಾ, ಹೋಗ್ತೀನಿ" ಎಂದಳು. ನಾನು ಹೇಳಿಕೊಟ್ಟಿದ್ದು. ಒಳಗಿನಿಂದ ನಮ್ಮತ್ತೆ ಓಡಿ ಬಂದರು. ಅತ್ತೆ ನರಸೀಪುರದವರು. ಮಗಳ ಮನೆಗೆ ಬಂದ ದಿನವೇ "ನಾಳೀಕೆ ಓಯ್ತೀನಿ" ಎನ್ನುತ್ತಾರೆ, ಹೋಗುವುದಿಲ್ಲ; ಅದು ಬೇರೆ ವಿಷಯ.

"ಬುಡ್ತು ಅನ್ನು ಕೂಸೇ, ಬುಡ್ತು ಅನ್ನು! ಒರಡೋ ಒತ್ನಲ್ಲಿ ಅಂಗನ್ಬಾರ್ದು ಕಣವ್ವ. ಬತ್ತೀನಿ ಅನ್ನು" ಎಂದು ಮಗುವಿನ ಬಾಯಿ ಮುಚ್ಚಿ, ನನ್ನ ಕಡೆ ತಿರುಗಿ, "ಏನ್ ಅಳಿಮಯ್ಯ, ಮನೇನೂ ಪೀಟಿ ಫೀಲ್ಡ್ ಮಾಡ್ಕಂಡ್ರಾ?" ಎಂದರು.

ಸಂಜೆ ಶೈಲು ಬಂದಳು. "ನೋಡಿದಿರಾ ಅತ್ತೆ? ಹೋಗ್ತೀನಿ ಅಂದವಳು ಬಂದಳಲ್ಲ" ಎಂದೆ.

"ಬರ್ದೆ ಏನು? ಅವಳ ಪರ್ವಾಗಿ ನಾನು ಬತ್ತೀನಿ ಬತ್ತೀನಿ ಅಂತ ಇಲ್ಲಿ ಕೂತಿವ್ನಿ ಬೆಳಿಗ್ಗಿಂದ" ಎಂದರು.

ಹೀಗೆ ಬೆಳೆದ ಹುಡುಗಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದಲು ಧಾರವಾಡಕ್ಕೆ ಹೊರಟಳು. ಶೈಲಜಾ ಎಂದು ಹೆಸರಿಟ್ಟರೆ ಹುಡುಗಿ ಕಲ್ಲುಗಳ ಹಿಂದೆ ಬೀಳಬಹುದೆಂದು ನಾಮಕರಣದ ದಿನ ಯಾರೂ ಎಚ್ಚರಿಸಿರಲಿಲ್ಲ. "ಕಲ್ಲು ಓದಲು ಅಷ್ಟು ದೂರ ಯಾಕಮ್ಮ, ಕಪಿಲೆಯಲ್ಲಿ ನೀರಿಗಿಂತ ಕಲ್ಲೇ ಜಾಸ್ತಿ ಇದೆ" ಎಂದೆ. ಅವಳು ನಕ್ಕಳು. "ಎಂ.ಎಸ್ಸಿ. ಮುಗಿದ ಮೇಲೆ?" ಎಂದೆ. "ಕಲ್ಲು ಎಲ್ಲಿರುತ್ತೋ ಅಲ್ಲಿಗೆ ಅಪ್ಪ." "ಆಮೇಲೆ ಇಲ್ಲಿಗೆ?" "ನೋಡೋಣ."

ಈ 'ನೋಡೋಣ' ಎಂಬ ಮಾತು ಎಡವೂ ಅಲ್ಲ, ಬಲವೂ ಅಲ್ಲ. ಅದಕ್ಕೆ ಯಾವ ಕಾಲು ಮೊದಲು ಎತ್ತಬೇಕು? ಅಂದು ರಾತ್ರಿಯ ಊಟ ನನಗೆ ಸೇರಲಿಲ್ಲ. ಇಷ್ಟು ವರ್ಷ ಸಂಜೆಯಾದರೆ ಬರುತ್ತಿದ್ದವಳಿಂದ ಬರುತ್ತೇನೆ ಎಂಬ ಮಾತು ನನಗೆ ಬೇಕಾಗಿರಲಿಲ್ಲ. ಈಗ, ಬರುವುದೇ ಅನುಮಾನವಾದಾಗ, ಮಾತಾದರೂ ಬೇಕೆನಿಸಿತು. ಆದರೆ ಕೇಳುವುದು ಹೇಗೆ? ಕಮಾಂಡ್ ಕೊಟ್ಟವನೇ ನಡೆಯುತ್ತಿರುವ ಸಾಲನ್ನು ತಡೆದು 'ನಾನು ಹೇಳಿದ್ದು ಹಾಗಲ್ಲ' ಎನ್ನಬಹುದೇ?

ಆದ್ದರಿಂದ ಉಪಾಯ ಹೂಡಿದೆ. "ಶೈಲು, ಅಂಗಡಿಗೆ ಹೋಗಿ..." ಎಂದು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಕಾದೆ. "ಹೋಗ್ತೀನಪ್ಪ" ಎಂದಳು. ಇನ್ನೊಂದು ಸಲ ಅವಳು ಮಹಡಿಯ ಮೇಲಿದ್ದಾಗ "ಊಟಕ್ಕೆ ಬರ್ತೀಯಾ?" ಎಂದು ಕೂಗಿದೆ. ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ ಎಂದುಕೊಂಡಿದ್ದೆ. "ಬಂದೆ!" ಎಂದಳು. ಬಂದಿರಲಿಲ್ಲ. ಅದೂ ಸುಳ್ಳೇ, ಆದರೆ ನನಗೆ ಬೇಕಾಗಿದ್ದ ಸುಳ್ಳಲ್ಲ.

ಕೊನೆಗೆ ರಿಹರ್ಸಲ್ ಇಟ್ಟುಕೊಂಡೆ. ಸಾಮಾನು ಹೊತ್ತು ಮನೆಯಿಂದ ಬಸ್‌ ಸ್ಟ್ಯಾಂಡಿನವರೆಗೆ ನಡೆದು ನೋಡುವುದು ಶಿಸ್ತಿನ ವಿಷಯ ಎಂದು ಮನೆಯಲ್ಲಿ ಹೇಳಿದೆ. ಹೊರಡುವ ಗಳಿಗೆಯ ಬಿಸಿಯಲ್ಲಿ ಬಾಯಿತಪ್ಪಿಯಾದರೂ ಆ ಮಾತು ಬಂದೀತು ಎಂಬುದು ಒಳಗಿನ ಲೆಕ್ಕ. ಹೋಲ್ಡಾಲನ್ನು ನಾನೇ ಸುತ್ತಿ ಬೆಲ್ಟು ಬಿಗಿದೆ. ಹಾಸಿಗೆ, ಹೊದಿಕೆ, ಹುರಿಹಿಟ್ಟಿನ ಡಬ್ಬ, ಹಲ್ಲುಪುಡಿ ಎಲ್ಲ ಸೇರಿ ಅದು ಮಲಗಿದ ಕರುವಿನಷ್ಟಾಯಿತು. "ಈಗ ಯಾರೂ ಹೋಲ್ಡಾಲ್ ಒಯ್ಯಲ್ಲ ಅಪ್ಪ" ಎಂದು ಶೈಲು ಗೊಣಗಿದಳು. ಆದರೂ ಸೂಟ್‌ಕೇಸ್ ಎತ್ತಿಕೊಂಡು, ಹೊಸಿಲಿನಲ್ಲಿ ನೆಟ್ಟಗೆ ನಿಂತು, "ಅಪ್ಪಾ, ಹೋಗ್ತೀನಿ" ಎಂದಳು.

"ನಾನೂ ಜೊತೆಗೇ ಬರ್ತಿದ್ದೀನಲ್ಲಮ್ಮ" ಎಂದು ಕರು ಹೊತ್ತು ಹಿಂದೆ ನಡೆದೆ.

ಬೀದಿಯವರಿಗೆ ಇದು ರಿಹರ್ಸಲ್ ಎಂದು ಯಾರು ಹೇಳಿದ್ದರು? ಎದುರು ಮನೆಯ ಗೌರಮ್ಮ ಕುಂಕುಮ ಇಟ್ಟು ಮಡಿಲಿಗೆ ಬಾಳೆಹಣ್ಣು ಹಾಕಿದರು. ಸೈಕಲ್ ಶಾಪಿನ ನಾಗಣ್ಣ, ನನ್ನ ಹಳೆಯ ವಿದ್ಯಾರ್ಥಿ, ಪಂಪು ಕೆಳಗಿಟ್ಟು ಬಂದು "ಉಷಾರು ಕಣವ್ವ, ಅಪ್ಪಾಜೀನ ಮರೀಬ್ಯಾಡ" ಎಂದು ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ನಾವು ಅದೇ ದಾರಿಯಲ್ಲಿ ವಾಪಸು ಬಂದೆವು.

"ಯಾಕ್ ಸಾ, ಬಸ್ ತಪ್ಪೋಯ್ತಾ?"

"ಇಲ್ಲಪ್ಪ. ಇದು ರಿಹರ್ಸಲ್."

ನಾಗಣ್ಣ ನನ್ನನ್ನೂ ಹೋಲ್ಡಾಲನ್ನೂ ನೋಡಿದ. ಅವನ ಕಣ್ಣ ಸುತ್ತ ಗ್ರೀಸು ಹಾಗೇ ಇತ್ತು. "ಅಂಗಾರೆ ನಾನ್ ಅತ್ತಿದ್ದು ದಂಡ್ವಾ ಸಾ?"

ಶೈಲು ಸೂಟ್‌ಕೇಸನ್ನು ಬೀದಿಯಲ್ಲೇ ಇಳಿಸಿ, ಅದರ ಮೇಲೆ ಕುಳಿತು ನಕ್ಕಳು. ಆ ನಗುವಿನ ನಡುವೆ ಆ ಮಾತನ್ನು ಬಾಯಿಬಿಟ್ಟು ಕೇಳಿಬಿಡಬಹುದಿತ್ತು. "ಏಳು, ಸಾಮಾನು ದಾರಿಗೆ ಅಡ್ಡ" ಎಂದೆ.

ನಿಜವಾದ ದಿನ ಬೀದಿಯವರು ಬಾಗಿಲಿಂದಲೇ ತಲೆಯಾಡಿಸಿದರು. ಅವರ ಪಾಲಿಗೆ ಶೈಲು ಆಗಲೇ ಹೋಗಿಯಾಗಿತ್ತು. ಮೈಸೂರಿನಿಂದ ಮುಂದಕ್ಕೆ ಅವಳ ಗೆಳತಿಯೊಬ್ಬಳ ಮನೆಯವರು ಜೊತೆಗಿದ್ದುದರಿಂದ ನಾನು ಹೋಗುವ ಅಗತ್ಯವೂ ಇರಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ನಾನು, ಹೆಂಡತಿ ಸುಶೀಲ, ಅತ್ತೆ ನಿಂತೆವು. ಹೋಲ್ಡಾಲು ಬಸ್ಸಿನ ಮೇಲೇರಿತು. ಶೈಲು ಎಲ್ಲರ ಕಾಲಿಗೂ ಬಿದ್ದೆದ್ದಳು. ಅತ್ತೆಯ ಕೆನ್ನೆ ಹಿಡಿದು, ಅವರದೇ ಮಾತಿನಲ್ಲಿ, "ಬತ್ತೀನಿ ಅಜ್ಜಿ" ಎಂದಳು. ಸುಶೀಲಳ ಕೈ ಹಿಡಿದು "ಬರ್ತೀನಮ್ಮ" ಎಂದಳು. ಎಲ್ಲೂ ತಡವರಿಸಲಿಲ್ಲ, ದಿನಾ ಬಳಸಿ ಬಳಸಿ ನುಣುಪಾದ ಮಾತಿನ ಹಾಗೆ ಅದು ಸಲೀಸಾಗಿ ಬಂತು. ನಾನು ಷರ್ಟು ಕೆಳಗೆಳೆದುಕೊಂಡು ನನ್ನ ಸರದಿಗೆ ಸಿದ್ಧನಾದೆ.

ಶೈಲು ನನ್ನ ಮುಂದೆ ಬಂದಳು. ಹಿಮ್ಮಡಿ ಕೂಡಿಸಿದಳು. ಕಣ್ಣು ತುಂಬಿತ್ತು, ಧ್ವನಿ ಮಾತ್ರ ಸ್ಪಷ್ಟವಾಗಿತ್ತು.

"ಅಪ್ಪಾ, ಹೋಗ್ತೀನಿ."

ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. "ಹೂಂ" ಎಂದೆ. ಅತ್ತೆ ಈಗ "ಬುಡ್ತು ಅನ್ನು" ಎಂದು ಕೂಗುತ್ತಾರೆ ಎಂದು ಕಾದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಕಂಡಕ್ಟರ್ ರೈಟ್ ಎಂದ. ಬಸ್ಸು ಮೈಸೂರಿನ ಕಡೆಗೆ ತಾಂಡವಪುರದ ದಾರಿ ಹಿಡಿಯಿತು.

ಮನೆಗೆ ನಡೆಯುವಾಗ ಸುಶೀಲಳನ್ನು ಕೇಳಿದೆ: "ಅವಳು ನಿಮ್ಮಿಬ್ಬರ ಹತ್ತಿರ ಬರ್ತೀನಿ ಅನ್ನೋದು ಯಾವಾಗಿಂದ?"

"ಸ್ಕೂಲಿಗೆ ಸೇರಿದಾಗಿಂದ ಕಣ್ರೀ. ಅವ್ವ ಹೇಳಿಕೊಟ್ಟಿದ್ದು. ಮುಂಬಾಗಿಲಲ್ಲಿ ನಿಮಗೆ ಹೋಗ್ತೀನಿ ಅನ್ನೋಳು, ಸುತ್ತಿಕೊಂಡು ಹಿತ್ತಿಲಿಗೆ ಬಂದು ನಮಗೆ ಬರ್ತೀನಿ ಅಂದು ಓಡೋಳು. ಅದಕ್ಕೇ ದಿನಾ ಸ್ಕೂಲಿಗೆ ಲೇಟು."

ಅವಳು ನಮ್ಮ ಹೈಸ್ಕೂಲಿಗೇ ಸೇರಿದ ಮೇಲೆ, ಲೇಟಾಗಿ ಬಂದಳೆಂದು ಅವಳನ್ನು ಮೈದಾನ ಸುತ್ತಿಸಿದವನು ನಾನೇ.

ದಸರಾ ರಜೆ ಹತ್ತಿರ ಬಂದಾಗ ಫೋನು ಬಂತು. "ಅಪ್ಪಾ, ಫೀಲ್ಡ್ ವರ್ಕ್ ಇದೆ. ಈ ಸಲ ಬರಲ್ಲ." "ಸಂಕ್ರಾಂತಿಗೆ?" "ನೋಡೋಣ. ಅಮ್ಮಂಗೆ ಕೊಡಿ." ಸುಶೀಲ ಫೋನು ಹಿಡಿದು ಅದೂ ಇದೂ ಕೇಳಿ, ಕೊನೆಗೆ ಮುಖ ಅರಳಿಸಿಕೊಂಡು "ಆಯ್ತು ಮಗಳೇ" ಎಂದು ಇಟ್ಟಳು.

"ಏನಂದಳು?"

"ಕ್ಲಾಸಿಗೆ ಹೊತ್ತಾಯ್ತು, ಬರ್ತೀನಮ್ಮ ಅಂದ್ಲು."

"ಈಗ ತಾನೇ ನನ್ನ ಹತ್ತಿರ ಬರಲ್ಲ ಅಂದಳಲ್ಲ!"

"ಅದು ಬರೋ ಬರ್ತೀನಿ ಅಲ್ಲ ಕಣ್ರೀ, ಹೋಗೋ ಬರ್ತೀನಿ. ನಿಮಗೆ ಅರ್ಥ ಆಗಲ್ಲ ಬಿಡಿ."

ಮಗಳು ಬರುವುದಿಲ್ಲ ಎಂಬ ಸುದ್ದಿ ಇಬ್ಬರಿಗೂ ಒಂದೇ. ಆದರೂ ಸುಶೀಲ ಹಾಡು ಗುನುಗುತ್ತ ಒಳಗೆ ಹೋದಳು, ನಾನು ಫೋನಿನ ಪಕ್ಕ ಕುಳಿತೆ. ಎಷ್ಟು ಹೊತ್ತು ಕೂರುವುದು? ವಾಕಿಂಗಿನ ವೇಳೆಯಾಗಿತ್ತು. ಕ್ಯಾನ್ವಾಸ್ ಷೂಗೆ ದಾರ ಬಿಗಿದು, ಕೋಲು ತೆಗೆದುಕೊಂಡು, ಹೊಸಿಲು ದಾಟುವಾಗ ನನಗರಿವಿಲ್ಲದೆ "ಬರ್ತೀನಿ" ಎಂದುಬಿಟ್ಟೆ.

ಜಗುಲಿಯಲ್ಲಿ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದ ಅತ್ತೆ ಮೊರದಿಂದ ತಲೆಯೆತ್ತಿದರು.

"ಬತ್ತೀರೋ, ಓಯ್ತೀರೋ? ಸರ್ಯಾಗಿ ಏಳಿ ಅಳಿಮಯ್ಯ."

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಸಾವಧಾನ್‌ನಲ್ಲಿ ನಿಂತೆ. ವಿಶ್ರಾಮ್ ಹೇಳುವವರು ಯಾರೂ ಇರಲಿಲ್ಲ.