ಎರಡು ಪಾಠ ನುಂಗಿದ ಫೈಲ್ ಸಿಸ್ಟಮ್

ನನಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂಬ ವಿಷಯದಲ್ಲಿ ಹರಿಹರದ ನಮ್ಮ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನನಗಂತೂ ಇರಲೇ ಇಲ್ಲ! ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಇಡೀ ಬೀದಿಗೆ ಇದ್ದದ್ದು ನಮ್ಮದೊಂದೇ ಕಂಪ್ಯೂಟರ್. ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಲ್ಲಿ ಹೊಸ ಫೈಲ್ ಸಿಸ್ಟಮ್ ಒಂದಿತ್ತು. ಫೈಲುಗಳನ್ನು ಡಿಸ್ಕಿನಲ್ಲಿ ಎಲ್ಲಿಡಬೇಕು, ಕೇಳಿದಾಗ ಎಲ್ಲಿಂದ ತರಬೇಕು ಎಂದು ನೋಡಿಕೊಳ್ಳುವ ತಂತ್ರಾಂಶ ಅದು. "ಇನ್ನೂ ಪ್ರಯೋಗದಲ್ಲಿದೆ, ಮುಖ್ಯವಾದದ್ದನ್ನು ಇದರಲ್ಲಿಡಬೇಡಿ" ಎಂದು ದಪ್ಪಕ್ಷರದಲ್ಲಿ ಎಚ್ಚರಿಸಿದ್ದರು. ಇಂಥ ಎಚ್ಚರಿಕೆಗಳು ತಿಳಿಯದವರಿಗೆ ಎಂದುಕೊಂಡು ನಮ್ಮ ಕಂಪ್ಯೂಟರಿಗೆ ಹಾಕಿಯೇಬಿಟ್ಟೆ.

ನನ್ನ ಹೆಂಡತಿ ಗಿರಿಜಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಕ್ಕಳಿಗಾಗಿ ಬೇಸಿಗೆ ರಜೆಯೆಲ್ಲ ಕೂತು ಅದೇ ಕಂಪ್ಯೂಟರಿನಲ್ಲಿ ಒಂದು ಪುಸ್ತಕ ಟೈಪ್ ಮಾಡಿದ್ದಳು. ಶಾಲೆ ತೆರೆಯುವಷ್ಟರಲ್ಲಿ ಅದು ಅಚ್ಚಾಗಬೇಕಿತ್ತು. ಒಂದು ಸಂಜೆ ನೋಡಿದರೆ ಬೆಳಕಿನ ಪಾಠ, ಅಯಸ್ಕಾಂತದ ಪಾಠ ಎರಡೂ ಮಾಯ!

"ರೀ, ಎಲ್ಲಿ ಹೋದ್ವು?"

"ಗಾಬರಿ ಬ್ಯಾಡ. ತಯಾರು ಮಾಡಿದೋರಿಗೇ ಬರೀತೀನಿ."

ಇ-ಮೇಲ್ ಕಳಿಸಲು ಬಸ್ಸು ಹತ್ತಿ ದಾವಣಗೆರೆಗೆ ಹೋಗಬೇಕು. ಹೋದೆ. "ನಿನ್ನೆ ಸಂಜೆಯಿಂದ ನನ್ನ ಧರ್ಮಪತ್ನಿಯ ಫೈಲುಗಳು ಕಾಣೆಯಾಗಿವೆ, ತಾವು ದಯಮಾಡಿ ಹುಡುಕಿಸಿಕೊಡಬೇಕಾಗಿ ವಿನಂತಿ" ಎಂದು ಅರ್ಜಿಯ ಗತ್ತಿನಲ್ಲಿ, ಇಂಗ್ಲಿಷಿನಲ್ಲಿ ಬರೆದೆ. ಮೂರು ದಿನ ಬಿಟ್ಟು ಹೋದರೆ ಉತ್ತರ ಬಂದಿತ್ತು: "ನಿಮ್ಮ ಪತ್ನಿ ಕಾಣೆಯಾಗಿದ್ದಕ್ಕೆ ವಿಷಾದ. ಪೊಲೀಸರಿಗೆ ತಿಳಿಸಿದ್ದೀರಾ?"

ಕಳಿಸಿದ್ದನ್ನು ತೆಗೆದು ನೋಡಿದರೆ, ಟೈಪ್ ಮಾಡುವ ಅವಸರದಲ್ಲಿ 'ಫೈಲು' ಎಂಬ ಪದವನ್ನೇ ಬಿಟ್ಟಿದ್ದೆ!

ತಿದ್ದಿ ಬರೆದೆ. ಆ ಪಾಠಗಳನ್ನು ಹುಡುಕಹೋದಾಗ ಪರದೆಯ ಮೇಲೆ ಏನು ಬರುತ್ತದೋ ಅದನ್ನು ಹಾಗೇ ಕಳಿಸಿ ಎಂದರು. ಅಲ್ಲಿ ಬರುತ್ತಿದ್ದದ್ದು ಪರದೆ ತುಂಬ ಅರ್ಥವಿಲ್ಲದ ಅಂಕಿಗಳು. ಬರೆದುಕೊಳ್ಳಲು ಸೋಮಾರಿತನ. ಪಕ್ಕದ ಮನೆಯ ರೆಹಮಾನ್ ಸಾಬರದು ಫೋಟೋ ಸ್ಟುಡಿಯೋ. ಅವರನ್ನೇ ಕರೆದೆ. ಫ್ಲ್ಯಾಶ್ ಹಾಕಿ ಒಂದು ಫೋಟೋ ಹೊಡೆದರು. ಪ್ರಿಂಟ್ ನೋಡಿದರೆ ಅಂಕಿ ಒಂದೂ ಇಲ್ಲ. ಪರದೆಯ ಗಾಜಿನಲ್ಲಿ ಬನಿಯನ್ ತೊಟ್ಟ ನಾನು!

"ಮುಖ ಮಾತ್ರ ಮಸ್ತ್ ಬಂದೈತ್ರೀ" ಎಂದು ಸಾಬರು ಸಮಾಧಾನ ಹೇಳಿದರು.

ಕೊನೆಗೆ ಗಿರಿಜಾ ಸೆರಗು ಸಿಕ್ಕಿಸಿಕೊಂಡು ಬಂದಳು. "ಸರೀರಿ ಅತ್ಲಾಗ."

ಪರೀಕ್ಷೆಗೆಂದು ಸುಳ್ಳು ಫೈಲುಗಳನ್ನು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದಳು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಕೂಗಿದಳು:

"ಸಿಕ್ತು ನೋಡ್ರಿ! ಒಂದು ಫೈಲಿಗೆ ಇನ್ನೊಂದರ ಹೆಸರಿಟ್ರೆ ಎರಡೂ ಹೋಗ್ತಾವೆ!" ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ನನ್ನ ಪಾಠಗಳ ಹೆಸರು ಮುಟ್ಟಿದ್ದು ಯಾರು?"

ಅಚ್ಚುಕಟ್ಟಾಗಿರಲಿ ಎಂದು ಎರಡಕ್ಕೂ 'ಪಾಠ' ಎಂದೇ ಹೆಸರಿಟ್ಟವನು ನಾನು!

ಅವಳು ಆರು ಸಾಲಿನ ವರದಿ ಬರೆದುಕೊಟ್ಟಳು. ನಾನು ಒಂದಕ್ಷರವೂ ಸೇರಿಸದೆ ಟೈಪ್ ಮಾಡಿ ಕಳಿಸಿದೆ. ಉತ್ತರ ಬಂತು: "ತುಂಬಾ ಸ್ಪಷ್ಟವಾದ ವರದಿ. ದೋಷ ಸರಿಪಡಿಸಿದ್ದೇವೆ. ಜೊತೆಗಿರುವ ಪ್ರೋಗ್ರಾಂ ಓಡಿಸಿದರೆ ಒಂದು ಪಾಠ ಮರಳಿ ಸಿಗುತ್ತದೆ. ಇನ್ನೊಂದು ಹೋದದ್ದು ನಮ್ಮಿಂದಲ್ಲ. ಇದ್ದ ಹೆಸರನ್ನೇ ಇನ್ನೊಂದಕ್ಕೆ ಇಟ್ಟರೆ ಈ ಬಗೆಯ ಕಂಪ್ಯೂಟರಿನಲ್ಲಿ ಹಳೆಯದು ಅಳಿಸಿಹೋಗುವುದೇ ನಿಯಮ."

ಆ ಪ್ರೋಗ್ರಾಂ ಅನ್ನು ಫ್ಲಾಪಿಯಲ್ಲಿ ಮನೆಗೆ ತಂದು ಓಡಿಸಿದೆವು. ಬೆಳಕಿನ ಪಾಠ ಇಡಿಯಾಗಿ ಬಂತು! ಗಿರಿಜಾ ಮಕ್ಕಳಂತೆ ಚಪ್ಪಾಳೆ ಹೊಡೆದಳು. ಮುಂದೆ ಬಂದ ಹೊಸ ಆವೃತ್ತಿಯ ಕೃತಜ್ಞತೆಯ ಪಟ್ಟಿಯಲ್ಲಿ 'ಗಿರಿಜಾ, ಹರಿಹರ' ಎಂದಿತ್ತು. ಅವಳ ಪುಸ್ತಕವೂ ಸಮಯಕ್ಕೆ ಅಚ್ಚಾಯಿತು.

ಅದಕ್ಕೆ ಮೊದಲು, ಕಳೆದುಹೋದ ಅಯಸ್ಕಾಂತದ ಪಾಠವನ್ನು ನಾನೇ ಮತ್ತೆ ಟೈಪ್ ಮಾಡಬೇಕೆಂದು ತೀರ್ಪಾಗಿತ್ತು. ಒಂದೇ ಬೆರಳಿನಲ್ಲಿ ಕುಟ್ಟಿದೆ. ಮೊದಲ ಪುಟದಲ್ಲೇ ಅಯಸ್ಕಾಂತದ ಎರಡೂ ತುದಿಗೆ ಉತ್ತರ ಧ್ರುವ ಎಂದು ಬರೆದಿದ್ದೆ! ಗಿರಿಜಾ ಓದಿ ನೋಡಿದಳು. ಮಲೆಬೆನ್ನೂರಿನಲ್ಲಿದ್ದ ನನ್ನ ಅವ್ವನಿಗೆ ಫೋನ್ ಹಚ್ಚಿದಳು.

"ಅತ್ತಿ, ನಿಮ್ಮ ಮಗನ ಮ್ಯಾಲೆ ಒಂದು ಕಂಪ್ಲೇಂಟ್ ಐತೆ."

ಅವ್ವ ಪೂರ್ತಿ ಕೇಳಿಸಿಕೊಂಡಳು. ಉತ್ತರ ತಡವಾಗಲಿಲ್ಲ.

"ಅದು ಮೊದ್ಲಿಂದ್ಲೂ ಹಂಗೇ ಐತವ್ವ. ರಿಪೇರಿ ಆಗಂಗಿಲ್ಲ. ನೀನೇ ಹೊಂದ್ಕೊಂಡು ಹೋಗು."