ಅತ್ತೆ ಮಗಳನ್ನು ಒಪ್ಪಿಸುತ್ತಿದ್ದ ಬಗೆ

ನಮ್ಮತ್ತೆ ಮಗಳನ್ನು ತಾವೇ ಸಾಕಿದರು ಅಂತ ಊರವರು ಹೇಳುತ್ತಾರೆ. ಶುದ್ಧ ಸುಳ್ಳು! ಸಾಕಿದ್ದು ಎದುರಿಗೆ ಸಿಕ್ಕಿದವರೆಲ್ಲ. ಅತ್ತೆ ಚಾರ್ಜು ಕೊಟ್ಟರು, ಅಷ್ಟೆ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಹುಣಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮಾವನದು ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಹೊಗೆಸೊಪ್ಪಿನ ಬೇಸಾಯ. ಪಾಳಿ ಮುಗಿಸಿದ ನರ್ಸು ಮುಂದಿನ ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ಸಮಾಚಾರವನ್ನೂ ಹೇಳಿ ಒಪ್ಪಿಸಿಯೇ ಹೊರಡಬೇಕಂತೆ. ಒಳ್ಳೆಯ ಪದ್ಧತಿಯೇ, ಅದು ಆಸ್ಪತ್ರೆಯಲ್ಲೇ ಇದ್ದಿದ್ದರೆ! ಅತ್ತೆ ಅದನ್ನು ಊಟದ ಡಬ್ಬಿಯ ಜೊತೆ ಮನೆಗೂ ತಂದರು.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಮಾವನನ್ನು ಎದುರಿಗೆ ನಿಲ್ಲಿಸಿಕೊಳ್ಳುವರು. "ರೊಟ್ಟಿ ಅರ್ಧ ತಿಂದವ್ಳೆ, ಅರ್ಧ ನಾಯಿಗ್ ಆಕವ್ಳೆ. ಮೂಗು ಸೋರ್ತದೆ, ಜ್ವರ ಇಲ್ಲ. ಆರರ ಮಗ್ಗೀಲಿ ನಿಂತವ್ಳೆ." ಮಾವ ಇಷ್ಟನ್ನೂ ತಿರುಗಿ ಹೇಳಿ, ಕೊನೆಗೆ "ಒಪ್ಪಿಸ್ಕೊಂಡೆ" ಅನ್ನಬೇಕು. ಅನ್ನುವವರೆಗೂ ಅತ್ತೆ ಹೊಸಿಲು ದಾಟುತ್ತಿರಲಿಲ್ಲ. ಆಚೆ ಬಸ್ಸಿನವನು ಹಾರ್ನ್ ಹೊಡೆದು ಸಾಯುತ್ತಿದ್ದ!

ಒಂದು ದಿನ ಮಾವ ಹೊಲದಲ್ಲಿದ್ದರು. ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಅತ್ತೆ ಸಮಾಚಾರವನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿ, ತಿರುಗಿ ಹೇಳಿಸಿ, ಬಸ್ಸು ಹತ್ತಿಬಿಟ್ಟರು. ಆಕೆ ಖಾಲಿ ಲೋಟ ಹಿಡಿದುಕೊಂಡು ಬೀದಿಯಲ್ಲಿ ಕೂಗಿದರು: "ಹೆಪ್ಪು ಕೇಳಕ್ ಬಂದೋಳ್ಗೆ ಮಗೀನೇ ಕೊಟ್ಬುಟ್ರಲ್ಲ ಸಿಸ್ಟರಮ್ಮ!"

ಪಾಠವೂ ಡೋಸಿನ ಲೆಕ್ಕದಲ್ಲೇ. ಊಟಕ್ಕೆ ಮುಂಚೆ ಮಗ್ಗಿ, ಊಟವಾದ ಮೇಲೆ ಕಾಗುಣಿತ. ರಜೆಗೆ ಹೋಗಿದ್ದ ನಾನು ಯಾಕೆ ಅಂತ ಕೇಳಿದೆ. "ಕಾಲಿ ಹೊಟ್ಟೇಲಿ ಕಾಗುಣಿತ ಕೊಟ್ರೆ ವಾಕರಿಕೆ ಬತ್ತದೆ ಕಣ್ಲಾ." ಇದನ್ನು ಯಾವ ಡಾಕ್ಟರು ಕಂಡುಹಿಡಿದರೋ ದೇವರಿಗೇ ಗೊತ್ತು! ಮಗಳು ಪುಟ್ಟಿ ಏನು ಕಡಿಮೆಯೇ? ಭಾಗಾಕಾರ ಶುರುವಾದ ದಿನ ಕೈಯೆಲ್ಲ ಕೆರೆದುಕೊಂಡು "ನಂಗಿದು ಆಗ್ಬರಲ್ಲ ಕಣವ್ವ, ಮೈ ಕಡೀತದೆ" ಅಂದಳು. ಅತ್ತೆ ನಾಲಿಗೆ ನೋಡಿ, ನಾಡಿ ಹಿಡಿದು, ಅರ್ಧ ಡೋಸಿಗೆ ಇಳಿಸಿದರು.

ಇಷ್ಟೊಂದು ಹುಚ್ಚು ಯಾಕೆ? ಮಾವನನ್ನೇ ಕೇಳಿದೆ. ಅವರು ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತಿದ್ದರು.

"ಇವ್ಳು ಅಂಬೆಗಾಲಿಕ್ತಿದ್ದಾಗ ಕಣ್ಲಾ. ಮಗ ನನ್ತಾವ ಅದೆ ಅಂತ ನಿಮ್ಮತ್ತೆ ಡ್ಯೂಟಿಗೋದ್ಲು. ನಮ್ಮವ್ವನ್ತಾವ ಅದೆ ಅಂತ ನಾನು ಹೊಲಕ್ಕೋದೆ. ನಮ್ಮವ್ವ ಸಂತೆಗೋಗಿದ್ಲು."

"ಆಮೇಲೆ?"

"ಈ ಒಲೆ ಬಾಯ್ತಾವ ಕುಂತಿತ್ತು."

"ಉರೀತಿತ್ತಾ ಮಾವ?"

"ಉರೀತಿತ್ತು."

ಮಾವ ಇನ್ನೊಂದು ಸೌದೆ ಒಳಗೆ ತಳ್ಳಿದರು. ಮಗು ಯಾರ ಕೈಯಲ್ಲೂ ಇಲ್ಲದ ಗಳಿಗೆ ಇನ್ನೊಮ್ಮೆ ಬರಬಾರದು ಎಂಬುದು ಅತ್ತೆಯ ಹಟ. ಆ ದಿನ ನನಗೆ ನಗು ಬರಲಿಲ್ಲ. ಮಾರನೆಯ ದಿನ, ಅತ್ತೆ ಎಮ್ಮೆ ಮೇಯಿಸುವ ತಾತನ ಬಾಯಿಂದ ಆರರ ಮಗ್ಗಿ ಹೇಳಿಸುತ್ತಿದ್ದುದನ್ನು ನೋಡಿ ಮತ್ತೆ ನಕ್ಕೆ, ಅದು ಬೇರೆ ಮಾತು.

ಪುಟ್ಟಿಗೆ ಪಿರಿಯಾಪಟ್ಟಣದ ಕಡೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಟ್ರಂಕು ಹೊರಲು ಅತ್ತೆ ಮಾವನ ಜೊತೆಗೆ ನಾನೂ ಹೋದೆ. ಅತ್ತೆ ವಾರ್ಡನ್ನರನ್ನು ಎದುರಿಗೆ ನಿಲ್ಲಿಸಿಕೊಂಡು ಮಗಳನ್ನು ಒಪ್ಪಿಸತೊಡಗಿದರು: ರಾತ್ರಿ ಹೊದಿಕೆ ಒದೆಯುವುದು, ಬದನೆಕಾಯಿ ಮುಟ್ಟದಿರುವುದು, ಭಾಗಾಕಾರದ ಕಡಿತ.

"ನೋಡ್ಕೋತೀವಿ ಬಿಡಿ ಸಿಸ್ಟರ್."

"ತಿರುಗಿ ಹೇಳಿ!"

ಪಾಪ, ಆಕೆ ಎಲ್ಲವನ್ನೂ ಹೇಳಿದರು. ಒಪ್ಪಿಸಿಕೊಂಡೆ ಅಂತಲೂ ಅಂದರು. ಪಾಳಿ ಮುಗಿಯಿತಲ್ಲ, ಇನ್ನು ಹೊರಡಬೇಕು ತಾನೆ? ಅತ್ತೆ ಹೊರಡಲಿಲ್ಲ. ಗೇಟಿನ ಕಂಬ ಹಿಡಿದುಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಪುಟ್ಟಿ ಮಾವನ ಕೈ ಹಿಡಿದು ಪಕ್ಕಕ್ಕೆ ಕರೆದಳು. ಸೊಂಟದ ಮೇಲೆ ಕೈ ಇಟ್ಟು, ಥೇಟ್ ಅತ್ತೆಯ ಹಾಗೆ ನಿಂತಳು.

"ಅವ್ವ ಬೆಳಗ್ಗಿಂದ ಏನೂ ತಿಂದಿಲ್ಲ. ಬಸ್ಸಲ್ಲಿ ಕಿಟ್ಕಿ ಕಡೆ ತಿರುಗ್ಕೊಂಡು ಅತ್ತವ್ಳೆ. ಜ್ವರ ಇಲ್ಲ. ಮನೆಗೋದ್ಮೇಲೆ ಬಿಸಿ ಮುದ್ದೆ ಇಕ್ಕು, ಉಣ್ಣೋಗಂಟ ಪಕ್ದಲ್ಲೇ ಕುಂತ್ಕೊ. ತಿರುಗಿ ಹೇಳಪ್ಪ."

ಮಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಪುಟ್ಟಿ ಬಿಡಲಿಲ್ಲ, ಮುಖ ನೋಡುತ್ತ ಕಾದಳು.

"ಒಪ್ಪಿಸ್ಕೊಂಡೆ ಕಣವ್ವ" ಅಂದರು ಮಾವ, ಕಡೆಗೆ.

ಆಮೇಲೆ ಅವಳು ಒಳಗೆ ಹೋದಳು.